ಟವೆಲ್ಲಿನಡಿ ಹೇಳಿದ ಬೆಲೆ

ಡೆಂಗಿ ಲಸಿಕೆ ಬಂದರೆ ಎಷ್ಟು ದುಡ್ಡು ಕೊಡುತ್ತೀರಿ ಎಂದು ಮನೆಮನೆಗೆ ಹೋಗಿ ಕೇಳುವ ಸಮೀಕ್ಷೆಗಾಗಿ ನಾನು ಸೊರಬದ ಹಳ್ಳಿಗಳನ್ನು ಸುತ್ತಿದೆ. ಇನ್ನೂ ಬರದ ಲಸಿಕೆಗೆ ಜನ ಹೇಳುವ ಬೆಲೆಗೆ ಅರ್ಥವೇ ಇಲ್ಲ ಎಂಬುದು ನನ್ನ ವಾದವಾಗಿತ್ತು. ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಹೊಡೆದವನಿಗೆ ವಾದವನ್ನೂ ಬಿಡಲಾಗದು, ಸಿಕ್ಕ ಕೆಲಸವನ್ನೂ ಬಿಡಲಾಗದು.

ಕುಪ್ಪಗಡ್ಡೆಯಲ್ಲಿ ಕುರಿ ಸಾಕುವವರೊಬ್ಬರ ಜಗಲಿಯ ಮೇಲೆ ಅಕ್ಕಪಕ್ಕದವರೂ ಕೂತಿದ್ದರು. ಹಿಂದಿನ ವರ್ಷ ಆ ಕುರಿಯವರ ಮಗಳು ಡೆಂಗಿಯಿಂದ ಹೇಗೋ ಉಳಿದಿದ್ದಳು; ಇನ್ನೊಮ್ಮೆ ಬಂದರೆ ಕಷ್ಟ ಎಂದು ಡಾಕ್ಟರು ಹೇಳಿದ್ದರು. ನಾನು ಬೆಲೆಯ ಪ್ರಶ್ನೆ ಕೇಳಿದೆ. ಬೆಲೆಯನ್ನು ಬೆರಳಲ್ಲೇ ಗುಟ್ಟಾಗಿ ಹೇಳುವ ಕುರಿಸಂತೆಯ ವ್ಯಾಪಾರದಂತೆ ಅವರು ನನ್ನ ಕೈಮೇಲೆ ಟವೆಲ್ಲು ಹೊದಿಸಿ, ಒಳಗೆ ನನ್ನ ಎರಡು ಬೆರಳು ಹಿಡಿದರು.

“ಇನ್ನೂರಾ?” ಎಂದೆ.

“ಕೂಗಬ್ಯಾಡ್ರೀ! ಎಲ್ಲರಿಗೂ ಕೇಳಿದ್ರೆ ರೇಟು ಏರ್ತದೆ.”

“ಅಯ್ಯೋ, ನಾನು ಮಾರೋಕೆ ಬಂದಿಲ್ಲ. ಸುಮ್ನೆ ಕೇಳೋದಷ್ಟೇ.”

“ದಲ್ಲಾಳಿಗಳೆಲ್ಲ ಹಿಂಗೇ ಅಂತಾರೆ,” ಎಂದು ಪಕ್ಕದ ಮನೆಯಾಕೆ ನಕ್ಕರು.

“ಎರಡು ಸಾವಿರಾನಾ?” ಎಂದು ಪಿಸುಗುಟ್ಟಿದೆ.

“ಎರಡು ಕುರಿ,” ಎಂದರು ಕುರಿಯವರೂ ಪಿಸುದನಿಯಲ್ಲೇ. “ನಾಳೆನೇ ಮಾರ್ತೀನಿ. ಲಸಿಕೆ ಯಾವತ್ತು ತರ್ತೀರಿ, ಅದನ್ನ ಹೇಳ್ರೀ.”

“ನನಗೂ ಗೊತ್ತಿಲ್ಲ ಕಣ್ರೀ,” ಎಂದೆ.

ಸಂತೆಯಲ್ಲಿ ಕೈ ಬಿಟ್ಟರೆ ವ್ಯಾಪಾರ ಮುರಿದಂತೆ. ಅವರು ನನ್ನ ಕೈ ಬಿಡಲಿಲ್ಲ.