ಲಾಕರಿನಲ್ಲಿಟ್ಟ ಲಿಂಗ

ಬಸಲಿಂಗವ್ವ ಎಂದರೆ ಲಂಡನ್ನಿನ ಹೌನ್ಸ್ಲೋದ ನಮ್ಮ ಮಂದಿಗೆ ಮೊದಲು ನೆನಪಾಗುವುದು ಆಕೆಯ ಕೊರಳ ಲಿಂಗ. ಒಮ್ಮೆ ಕಟ್ಟಿದ ಮೇಲೆ ಜೀವ ಇರುವತನಕ ಮೈಮೇಲಿಂದ ತೆಗೆಯುವಂತಿಲ್ಲ. ಮೂವತ್ತು ವರ್ಷದ ಹಿಂದೆ ಪಾರ್ಕ್ ರಾಯಲ್‌ನ ಸಮೋಸಾ ಫ್ಯಾಕ್ಟರಿಯಲ್ಲಿ ಕೊರಳಲ್ಲಿ ಏನೂ ಇರಕೂಡದು ಎಂದರಂತೆ. ‘ಮೊದಲ ಕೊರಳ ಕೊಯ್ರಿ, ಆಮ್ಯಾಲ ಲಿಂಗ ತಗೀರಿ’ ಎಂದಳಂತೆ ಈಕೆ. ಗಂಡ ಪರಪ್ಪ ತಾನು ಸಾಯುವತನಕ ಪ್ರತಿ ಬಸವ ಜಯಂತಿಗೂ ಇದನ್ನು ಹೇಳಿದ. ಹೇಳಿದಂತೆಲ್ಲ ಕತೆಗೆ ಕೈಕಾಲು ಬಂದವು.

ಆಕೆಗೆ ಆ ದಿನಗಳೆಂದರೆ ಈಗಲೂ ಜೀವ. ನಸುಕಿನ ಬಸ್ಸು, ಎಷ್ಟು ತೊಳೆದರೂ ಹೋಗದ ಉಳ್ಳಾಗಡ್ಡಿ ವಾಸನೆ, ಬ್ರೇಕಿನಲ್ಲಿ ಗೆಳತಿ ರತ್ನಾಬಾಯಿಯ ಜೊತೆ ಹಂಚಿಕೊಂಡ ಜೋಳದ ರೊಟ್ಟಿ. ಆ ಒಂದು ಕತೆ ಮಾತ್ರ ಗಂಟಲಲ್ಲಿ ನಿಂತ ಬಿಸಿತುಪ್ಪ.

ಮೊಮ್ಮಗಳು ಅನ್ವಿತಾ ಓದುವುದು ಕ್ಯಾಥೊಲಿಕ್ ಶಾಲೆಯಲ್ಲಿ. ರೋಮಿನ ಮೊದಲ ಕ್ರೈಸ್ತರ ಪಾಠ ಆಗಿತ್ತು. ಚಕ್ರವರ್ತಿಯ ಹೆಸರಲ್ಲಿ ಒಂದು ಚಿಟಿಕೆ ಧೂಪ ಹಾಕಿದ್ದರೆ ಬದುಕುತ್ತಿದ್ದರು. ಹಾಕದೆ ಸಿಂಹದ ಬಾಯಿಗೆ ಹೋದರು. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಬರೆಯಿರಿ ಎಂದಿದ್ದರು ಟೀಚರ್. ಹುಡುಗಿ ಅಜ್ಜಿಯ ಬಗ್ಗೆ ಎರಡು ಪುಟ ಬರೆದು, ಶುಕ್ರವಾರ ಇಡೀ ಶಾಲೆಯೆದುರು ಓದುತ್ತೇನೆಂದು ಕುಣಿಯುತ್ತಿದ್ದಳು.

ಬಸಲಿಂಗವ್ವ ಆಕೆಯನ್ನು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಸುಮ್ಮನಿದ್ದರೆ ಮಾನ ಉಳಿಯುತ್ತಿತ್ತು. ಆದರೆ ಸಿಂಹದ ಬಾಯಿಗೆ ಹೋದವರ ಸಾಲಿನಲ್ಲಿ ತಾನು ನಿಲ್ಲುವುದೇ?

‘ಅದು ಖರೇ ಅಲ್ಲವ್ವಾ. ಹತ್ತೊಂಬತ್ತು ದಿವಸ ಲಿಂಗ ಲಾಕರನಾಗ ಇಟ್ಟಿದ್ದೆ. ಯಾರೂ ತಗೀ ಅಂದಿದ್ದಿಲ್ಲ, ಕೊರಳಾಗ ಏನೂ ಇರಬಾರದು ಅನ್ನೋ ಗ್ವಾಡಿ ಮ್ಯಾಲಿನ ಬೋರ್ಡ್ ನೋಡೇ ಹೆದರಿದೆ. ಇಪ್ಪತ್ತನೇ ದಿನ ಸೂಪರ್‌ವೈಸರ್‌ಗ ಕೇಳಿದ್ರ, ಅಂಗಿ ಅರಿವಿ ಒಳಗಿದ್ರ ಇರಲಿ ಬಿಡು ಅಂದ್ಲು. ಫ್ಯಾಕ್ಟರ್ಯಾಗ ಲಿಂಗಕ್ಕ ಏನಂದ್ರು ಅಂತ ಮನ್ಯಾಗ ನಿಮ್ಮ ಮುತ್ಯಾ ಕೇಳಿದಾಗ ನಾಚಿಕಿ ಬಂದು ಆ ಕೊರಳ ಮಾತು ಕಟ್ಟಿ ಹೇಳಿದೆ.’

ಅನ್ವಿತಾ ಹಾಳೆ ಮಡಚಿದಳು. ಮುಖ ಬಾಡಿತ್ತು. ಆಮೇಲೆ ಅದನ್ನು ಮತ್ತೆ ಬಿಚ್ಚಿ, ‘ದೇರ್ ವರ್ ಪೀಪಲ್ ಲೈಕ್ ದಟ್ ಟೂ, ಆಯಿ,’ ಎಂದಳು. ಹೆದರಿ ಧೂಪ ಹಾಕಿದ ಕೆಲವರು ಆಮೇಲೆ ಅಳುತ್ತಾ ಜೈಲಿಗೆ ಹೋಗುತ್ತಿದ್ದರಂತೆ. ಸಾಯಲು ಸಿದ್ಧರಾಗಿ ಅಲ್ಲಿ ಕೂತವರು, ‘ಇವನನ್ನು ಮತ್ತೆ ಸೇರಿಸಿಕೊಳ್ಳಿ’ ಎಂದು ಚರ್ಚಿಗೆ ಚೀಟಿ ಬರೆದುಕೊಡುತ್ತಿದ್ದರಂತೆ. ‘ಐ ಕುಡ್ ರೈಟ್ ಅಬೌಟ್ ದೆಮ್. ಇಫ್ ಯು ಲೆಟ್ ಮಿ.’

‘ಬರಿ,’ ಎಂದಳು ಬಸಲಿಂಗವ್ವ. ಮೂವತ್ತು ವರ್ಷದಲ್ಲಿ ಮೊದಲ ಸಲ ಮನಸ್ಸು ಹಗುರಾಗಿತ್ತು, ಆದರೂ ಗಂಡ ನೆನಪಾಗಿ ಅಳು ಬಂತು.

‘ನನ್ನ ಚೀಟಿ ನಿಮ್ಮ ಮುತ್ಯಾನೇ ಬರೀಬೇಕಿತ್ತು. ಅವರಿಗೆ ನಾ ಹೇಳಲೇ ಇಲ್ಲ.’