ಯಂತ್ರ ನಿಲ್ಲಿಸದ ವೈಜನಾಥ ಸರ್

ಎಂಟರ್ ಒತ್ತುವ ಮೊದಲು ವೈಜನಾಥ ಸರ್ ಎರಡೂ ಕೈ ತೊಡೆಯ ಮೇಲಿಟ್ಟು, ಬರೆದ ಸಾಲನ್ನು ತುಟಿ ಅಲುಗಿಸುತ್ತ ಮತ್ತೊಮ್ಮೆ ಓದುತ್ತಿದ್ದರು. ಹುಮನಾಬಾದಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕಂಪ್ಯೂಟರ್ ವಿಭಾಗವೆಂದರೆ ನಾವಿಬ್ಬರೇ. ಅವರು ಬಸವಕಲ್ಯಾಣದಿಂದ, ನಾನು ದುಬಲಗುಂಡಿಯಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದೆವು.

ಒಂದು ಮಧ್ಯಾಹ್ನ ರೋಗಿಗಳ ದಾಖಲೆಯಿದ್ದ, ದೊಡ್ಡ ಸರ್ವರಿನೊಳಗೆ ಓಡುವ ವರ್ಚುವಲ್ ಯಂತ್ರದ ಡಿಸ್ಕ್ ತುಂಬಿಹೋಯಿತು. ಡಯಾಲಿಸಿಸ್ ನಡೆದಿತ್ತು, ಹೊಸದೇನೂ ದಾಖಲಾಗುತ್ತಿರಲಿಲ್ಲ. "ಬಂದ್ ಮಾಡಿ ಚಾಲೂ ಮಾಡ್ರಿ!" ಎಂದು ಮಾಲೀಕರಾದ ಡಾಕ್ಟರು ಕೂಗಿದರು.

"ಯಾಕ್ರಿ ಸಾಹೇಬ್ರ? ಮಂದಿ ಕೆಲಸ ಮಾಡಾಕತ್ತಾರ. ನಡೀಲಿ, ಜಾಗಾ ಅಷ್ಟ ಹೆಚ್ಚ ಮಾಡ್ತೀನಿ," ಎಂದರು ಸರ್. ಹೊರಗಿನ ಸರ್ವರಿನಿಂದ ಡಿಸ್ಕ್ ಹಿಗ್ಗಿಸಿ, ಅದರ ಹೊಸ ಅಳತೆಯನ್ನು ಓಡುತ್ತಿದ್ದ ವ್ಯವಸ್ಥೆಗೆ ತಿಳಿಸಿದರು. ಡಿಸ್ಕಿನೊಳಗಿನ ವಿಭಾಗವಾದ ಪಾರ್ಟಿಷನ್ ಬೆಳೆಸಿ, ಕೊನೆಗೆ ಫೈಲುಗಳನ್ನು ಹಿಡಿದಿಡುವ ಫೈಲ್‌ಸಿಸ್ಟಮ್ಮನ್ನು ಅದರ ಅಂಚಿನವರೆಗೆ ಎಳೆದರು. ಯಂತ್ರ ಒಂದು ಗಳಿಗೆಯೂ ನಿಲ್ಲಲಿಲ್ಲ.

ಮುಂದಿನ ಸಲ ಹೀಗಾದಾಗ ಅವರು ರಜೆಯಲ್ಲಿದ್ದರು. ಫೋನಿನಲ್ಲಿ, "ಮೊದಲ ಬ್ಯಾಕಪ್ ನೋಡ್ರಿ. ಹಂಗ ಕೈ ಹಚ್ಚಬ್ಯಾಡ್ರಿ," ಎಂದರು.

"ನೋಡೀನ್ರಿ ಸರ್," ಎಂದೆ. ನೋಡಿರಲಿಲ್ಲ. ಪಾರ್ಟಿಷನ್ ಬೆಳೆಸಲೆಂದು ಅದರ ಗುರುತು ಅಳಿಸಿ ಮತ್ತೆ ಬರೆಯುವಾಗ, ಅದು ಎಲ್ಲಿಂದ ಶುರುವಾಗಬೇಕೆಂಬ ಅಂಕಿ ತಪ್ಪಿತು. ಗಾಬರಿಯಲ್ಲಿ ದುರಸ್ತಿಯ ಆಜ್ಞೆ ಕೊಟ್ಟೆ; ಉಳಿದಿದ್ದದ್ದೂ ಹೋಯಿತು. ದಾಖಲೆಗಳ ನಕಲು ತೆಗೆದಿಡುವ ಬ್ಯಾಕಪ್ ತಿಂಗಳುಗಳಿಂದ ನಿಂತಿತ್ತು. ಅದನ್ನು ದಿನಾ ನೋಡುವುದು ನನ್ನದೇ ಕೆಲಸವಾಗಿತ್ತು. ಮರುದಿನ ಡಯಾಲಿಸಿಸ್‌ಗೆ ಬಂದವರಲ್ಲಿ ಯಾರಿಗೆ ಯಾವ ಔಷಧಿ ಆಗದು ಎಂಬುದೂ ನಮ್ಮಲ್ಲಿ ಉಳಿದಿರಲಿಲ್ಲ.

ಡಾಕ್ಟರ ಎದುರು ಸರ್ ಹೇಳಿದ್ದಿಷ್ಟೇ: "ಮನಿಯಿಂದ ನಾನ ಮಾಡೀನ್ರಿ. ತಪ್ಪು ನಂದು." ನಾನು ಪಕ್ಕದಲ್ಲೇ ನಿಂತಿದ್ದೆ. ಡಾಕ್ಟರು ಅಂದೇ ಅವರನ್ನು ಕೆಲಸದಿಂದ ತೆಗೆದರು.

ಹೊರಗೆ ಬಂದ ಮೇಲೆ, "ನಿಮ್ಮ ಮನ್ಯಾಗ ದುಡಿಯಾವ್ರು ನೀವ ಒಬ್ರ. ನನಗ ಎಲ್ಯಾರ ಕೆಲಸ ಸಿಗ್ತದ," ಎಂದರು.

ಸಿಗಲಿಲ್ಲ. ದಾಖಲೆ ಕಳೆದವರೆಂಬ ಹೆಸರು ಎಲ್ಲ ಕಡೆ ಅವರಿಗಿಂತ ಮೊದಲೇ ಮುಟ್ಟುತ್ತಿತ್ತು. ಚಿಟಗುಪ್ಪದಲ್ಲಿ ಮೊಬೈಲ್ ಕವರ್ ಮಾರುತ್ತಿದ್ದಾರೆಂದು ಕೇಳಿದೆ. ಹೋಗಿ ನೋಡುವ ಧೈರ್ಯವಾಗಲಿಲ್ಲ. ಎರಡು ವರ್ಷಕ್ಕೆ, ಎದೆನೋವಿನಿಂದ ತೀರಿಕೊಂಡರೆಂಬ ಸುದ್ದಿ ಬಂತು.

ಎಲ್ಲ ಹೇಳಿಬಿಡಬೇಕೆಂದೇ ಬಸವಕಲ್ಯಾಣದ ಅವರ ಮನೆಗೆ ಹೋದೆ. ನಾನು ಮಾತು ತೆಗೆಯುವ ಮೊದಲೇ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡರು. "ನಮ್ಮವರು ಮಾಡಿದ ತಪ್ಪಿಗೆ ನಿಮಗೂ ಭಾಳ ತಕಲೀಫ್ ಆತಂತ. ಮಾಫ್ ಮಾಡ್ರಿ ತಂಗಿ," ಎಂದು ಅತ್ತರು.

ಅವರು ಕೊಟ್ಟ ಚಹಾ ಕುಡಿದೆ.

"ಇರ್ಲಿ ಬಿಡ್ರಿ ಅಕ್ಕಾ," ಎಂದೆ ನಾನು.