ಇಳಿದ ಜ್ವರದ ಮೇಲಿನ ಅನುಮಾನ

ಎಂಬತ್ತರ ದಶಕದ ಮೊದಲ ವರ್ಷಗಳು. ತುಮಕೂರಿನ ಆಫೀಸೊಂದರಲ್ಲಿ ಟೈಪಿಸ್ಟ್ ಆಗಿದ್ದ ನನ್ನ ನಾದಿನಿ ಜ್ವರ ಹೊತ್ತುಕೊಂಡು ಗುಬ್ಬಿಯ ನಮ್ಮ ಮನೆಗೆ ಬಂದಳು. ಐದನೆಯ ದಿನ ಬೆಳಿಗ್ಗೆ ಜ್ವರ ಬಿಟ್ಟಿತು. ಅತ್ತೆ ಖುಷಿಯಿಂದ ಮೆಣಸಿನ ಸಾರಿಗೆ ಇಟ್ಟರು. ಅಷ್ಟರಲ್ಲಿ ಅವಳಿಗೆ ರಕ್ತ ಹೋಗತೊಡಗಿತು. ಮುಟ್ಟಾದಳೆಂದು ಹಿಂದಿನ ಪಡಸಾಲೆಯಲ್ಲಿ ಚಾಪೆ ಹಾಸಿ ಕೂರಿಸಿದರು. ಇನ್ನು ಮೂರು ದಿನ ಯಾರೂ ಅವಳನ್ನು ಮುಟ್ಟುವಂತಿರಲಿಲ್ಲ.

ನನಗೆ ಲೆಕ್ಕ ಹೊಂದಲಿಲ್ಲ. ಹಿಂದಿನ ಸಲ ರಜೆಗೆ ಬಂದಾಗ ಅವಳು ಇಲ್ಲೇ ಹೊರಗೆ ಕೂತು ಎರಡು ವಾರವೂ ಆಗಿರಲಿಲ್ಲ.

"ಜ್ವರದ ಕಾವಿಗೆ ಮುಂಚೆ ಆಗಿರ್ತದೆ ಬುಡು," ಎಂದರು ಅತ್ತೆ. "ಕಾನ್ವೆಂಟ್ನಾಗೆ ಓದಿದೋರ್ಗೆ ಎಲ್ಲದ್ರಲ್ಲೂ ಅನ್ಮಾನ."

ದೂರದಿಂದಲೇ ಎಳನೀರು ಇಟ್ಟೆ. ಅವಳು ಲೋಟ ಎತ್ತುವಾಗ ರವಿಕೆಯ ತೋಳು ಸರಿಯಿತು. ಅಂಚು ಬಿಗಿದಿದ್ದ ಕಡೆ ರಾಗಿಕಾಳಿನಂಥ ಕೆಂಪು ಚುಕ್ಕೆಗಳು, ಸುತ್ತಲೂ ಸಾಲಾಗಿ. ಸೊಳ್ಳೆ ಹಾಗೆ ಸಾಲು ಹಿಡಿದು ಕಚ್ಚುವುದಿಲ್ಲ. ಹೋಗಿ ಕೈ ಹಿಡಿದೇಬಿಟ್ಟೆ. ಕೈ ತಣ್ಣಗೆ ಬೆವೆತಿತ್ತು, ನಾಡಿ ದಾರದ ಎಳೆಯಂತೆ ಸಣ್ಣಗೆ, ಬಿರಬಿರನೆ ಓಡುತ್ತಿತ್ತು.

"ಬಿಡಿ ಅತ್ತಿಗೆ, ಅಮ್ಮ ನೋಡಿದ್ರೆ ನಿಮ್ಗೂ ಇಲ್ಲೇ ಚಾಪೆ," ಎಂದು ನಗಲು ನೋಡಿದಳು. ಒಸಡಿನಲ್ಲಿ ರಕ್ತವಿತ್ತು.

ನಾನು ಕೂಗಿದ ರೀತಿಗೆ ಯಜಮಾನರು ಹೆದರಿ ಟ್ಯಾಕ್ಸಿ ತಂದರು. ಅತ್ತೆ ಮುಂದಿನ ಸೀಟಿನಲ್ಲಿ, ಮುಖ ತಿರುಗಿಸದೆ ಕೂತಿದ್ದರು.

ತುಮಕೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದು, "ಮುಂಚೆ ಯಾವಾಗಾದ್ರೂ ಹಿಂಗೇ ಮೈಕೈ ಮುರಿಯೋ ಜ್ವರ ಬಂದಿತ್ತಾ?" ಹಿಂದಿನ ವರ್ಷ ಬಂದಿತ್ತು, ತಾನಾಗಿಯೇ ಹೋಗಿತ್ತು. ಅವರು ತಲೆಯಾಡಿಸಿ ಡ್ರಿಪ್ ಹಾಕಿಸಿದರು.

"ಡೆಂಗಿ ಇರ್ಬೇಕು. ವೈರಸ್ ಈಗ ಕಮ್ಮಿ ಆಗಿರುತ್ತಮ್ಮ. ಅದನ್ನ ಹೊಡೆಯೋಕೆ ಎದ್ದ ಬಿಳಿ ರಕ್ತಕಣಗಳು ಮಿತಿ ಮೀರಿ ರೇಗಿವೆ. ಅವು ಬಿಡೋ ರಸದಿಂದ ರಕ್ತನಾಳಗಳೇ ಸೋರ್ತಿವೆ. ಹೋದ್ಸಲದ ಜ್ವರ ಅವಕ್ಕೆ ನೆನಪಿದೆ, ಅದಕ್ಕೇ ಇಷ್ಟು ರಭಸ ಅಂತಾರೆ. ಪೂರ್ತಿ ಯಾರಿಗೂ ಗೊತ್ತಿಲ್ಲ."

"ಅವಳ ಮೈಯೇ ಅವಳ ಮೇಲೆ ತಿರುಗಿ ಬೀಳ್ತದಾ?" ಅತ್ತೆ ನನ್ನ ಕಿವಿಯಲ್ಲಿ ಉಸುರಿದರು. "ಈ ಡಾಕ್ಟ್ರು ಏನೋ ಮುಚ್ಚಿಡ್ತಾವ್ನೆ ಕಣೇ."

ನನಗೂ ಹಾಗೇ ಅನ್ನಿಸಿತ್ತು. ಬಾಟಲಿಯ ನೀರನ್ನೂ, ನರ್ಸಿನ ಅವಸರವನ್ನೂ ಅನುಮಾನದಿಂದಲೇ ನೋಡುತ್ತಿದ್ದೆ. ಎರಡು ದಿನ ಅವಳ ಹೊಟ್ಟೆ ಉಬ್ಬಿತ್ತು, ಮೂತ್ರ ಹನಿಯೂ ಇರಲಿಲ್ಲ. ಮೂರನೆಯ ಬೆಳಿಗ್ಗೆ ಅವಳು ಬೆಡ್‌ಪ್ಯಾನ್ ಕೇಳಿದಾಗ ಡಾಕ್ಟರು ಮೊದಲ ಸಲ ನಕ್ಕರು.

"ಆ ಕಣಗಳು ಸುಮ್ನಾದ್ವಾ ಸರ್?" ಎಂದು ಕೇಳಿದೆ.

"ಸದ್ಯಕ್ಕೆ ಸುಮ್ನಾಗಿವೆ ಕಣಮ್ಮ."

ಅತ್ತೆ ಕೈಮುಗಿದರು. ನಾದಿನಿ ಗಂಜಿಗೆ ಉಪ್ಪು ಸಾಲದೆಂದು ಮುಖ ಸಿಂಡರಿಸುತ್ತಿದ್ದಳು. ನನಗೆ ಮಾತ್ರ 'ಸದ್ಯಕ್ಕೆ' ಎಂದದ್ದು ಹಿಡಿಸಲಿಲ್ಲ.